ಅಡ್ಡಗಲ್ಲು, ಬಲಗಣ್ಣು

ಬ್ರಾಚ್ ದ್ವೀಪ, ೬ ಏಪ್ರಿಲ್ ೨೦೦೩

ಅಣ್ಣ ಲೋವ್ರೆಗೆ,

ಫೋನ್ ಮಾಡಿದರೆ ಇವರ ಹೆಸರು ಕಿವಿಗೆ ಬಿದ್ದ ತಕ್ಷಣ ಇಟ್ಟುಬಿಡುತ್ತೀಯ. ಸಾಲದ್ದಕ್ಕೆ ನಮ್ಮ ಫೋನಿರುವುದು ಅಡುಗೆಮನೆಯಲ್ಲಿ, ಇವರ ಕುರ್ಚಿಯ ಪಕ್ಕದಲ್ಲೇ. ಅದಕ್ಕೇ ಈ ಕಾಗದ. ಹರಿಯುವುದಿದ್ದರೆ ಓದಿ ಆದಮೇಲೆ ಹರಿ.

ನಿನ್ನ ಭಾವನ ಕಣ್ಣು ಕೆಟ್ಟಿದೆ. ಫೆಬ್ರವರಿಯಲ್ಲಿ ಒಂದು ದಿನ ಕಾಫಿ ಕುಡಿಯುತ್ತಾ ಅಡುಗೆಮನೆಯ ಬಾಗಿಲನ್ನೇ ದಿಟ್ಟಿಸಿ, "ಈ ಚೌಕಟ್ಟು ಯಾವನು ಕೂರಿಸಿದ್ದು? ಹೊಟ್ಟೆ ಬಿಟ್ಕೊಂಡಿದೆ ನೋಡು" ಎಂದರು. ಕೂರಿಸಿದ್ದು ಇವರೇ, ನಮ್ಮ ಮದುವೆಯ ವರ್ಷ. ಇನ್ನೊಂದು ತುದಿ ಹಿಡಿದಿದ್ದು ನೀನು. ಮರುದಿನ ಚಾಣ ಹಿಡಿದು ಅದನ್ನು ಸರಿಮಾಡಲು ಹೊರಟಿದ್ದರು. ನಾನು ಅಡ್ಡ ನಿಂತೆ. ಕೈಯಲ್ಲಿದ್ದ ಪಾತ್ರೆ ಒರೆಸುವ ಬಟ್ಟೆಯನ್ನು ಇವರ ಎಡಗಣ್ಣಿಗೆ ಒತ್ತಿ, "ಈಗ ಹೇಳಿ" ಎಂದೆ. "ಬಾಗಿದೆ" ಎಂದರು. ಬಲಗಣ್ಣಿಗೆ ಒತ್ತಿದೆ. ಚೌಕಟ್ಟನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ "ನಿನ್ನ ಬಟ್ಟೆ ಈರುಳ್ಳಿ ನಾತ ಹೊಡೀತಿದೆ" ಎಂದು ಎದ್ದು ಹೋದರು.

ಬಲವಂತದಿಂದ ಸ್ಪ್ಲಿಟ್ಟಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವಯಸ್ಸಾದವರಿಗೆ ಬರುವ ಕಾಯಿಲೆಯಂತೆ. ಕಣ್ಣಿನ ಹಿಂಬದಿಯ ಪರದೆಯ ಕೆಳಗೆ ಬೇಡದ ರಕ್ತನಾಳಗಳು ಬೆಳೆದು ಸೋರುತ್ತಿವೆಯಂತೆ, ಅದಕ್ಕೇ ನೆಟ್ಟಗಿನ ಗೆರೆಯೆಲ್ಲ ಬಾಗಿ ಕಾಣುತ್ತದೆಯಂತೆ. ತೋಳಿಗೆ ಒಂದು ಔಷಧಿ ಹರಿಸಿ, ಕಣ್ಣಿಗೆ ಬೆಳಕು ಬಿಟ್ಟು ಆ ನಾಳಗಳನ್ನು ಮುಚ್ಚುತ್ತಾರೆ. ಡಾಕ್ಟರ್ ಸ್ಕಾರಿಚ್ ಅಂತ ಒಬ್ಬ ಹೆಂಗಸು ನೋಡಿದರು. "ಸೋರುತ್ತಿರೋವಾಗಲೇ ಬರ್ಬೇಕು. ಗಾಯ ಒಣಗಿ ಕಲೆ ಆದ್ಮೇಲೆ ಎಷ್ಟು ಬೆಳಕು ಬಿಟ್ರೂ ಅಷ್ಟೇ" ಎಂದರು. ಮೇ ಹದಿನಾಲ್ಕಕ್ಕೆ ಬರಹೇಳಿದ್ದಾರೆ. ಇವರು ಹೋಗುವುದಿಲ್ಲ ಎನ್ನುತ್ತಿದ್ದಾರೆ.

ಯಾಕೆ ಅಂತ ನಿನಗೆ ಗೊತ್ತು. ಹೋದ ಆಗಸ್ಟಿನಲ್ಲಿ ಸಂತ ರೋಕ್‌ನ ಹಬ್ಬದ ಹಿಂದಿನ ದಿನ, ಚರ್ಚಿನ ಬಾಗಿಲ ಮೇಲೆ ನೀನು ಕೂರಿಸಿದ ಅಡ್ಡಗಲ್ಲನ್ನು ಇಡೀ ಊರಿನೆದುರು "ಹಾವಿನ ಹಾಗಿದೆ" ಎಂದು ಇಳಿಸಿಬಿಟ್ಟರಲ್ಲ. ಈಗ ಏನೆನ್ನುತ್ತಾರೆ ಗೊತ್ತೇ? "ನಾನು ಆ ಆಸ್ಪತ್ರೆ ಕುರ್ಚೀಲಿ ಹೋಗಿ ಕೂತ್ರೆ ಲೋವ್ರೆ ಕಲ್ಲು ನೆಟ್ಟಗಿತ್ತು ಅಂತ ನಾನೇ ಡಂಗುರ ಹೊಡೆದ ಹಾಗೆ." ಕಣ್ಣು ಬೇಕಾದರೆ ಕೊಟ್ಟಾರು, ಆ ಮಾತು ಕೊಡುವುದಿಲ್ಲ.

ನೀನು ಎರಡು ಸಾಲು ಬರೆ ಅಣ್ಣ. ನಿನ್ನ ಮಾತು ಬಿಟ್ಟರೆ ಇವರಿಗೆ ಯಾರ ಮಾತೂ ತಾಗುವುದಿಲ್ಲ. ಹಡಗಿನವನ ಕೈಯಲ್ಲಿ ಉಪ್ಪುಮೀನು ಕಳಿಸಿದ್ದೇನೆ.

ನಿನ್ನ ತಂಗಿ,
ಪೆರಿನಾ


ತ್ರೊಗಿರ್, ೧೨ ಏಪ್ರಿಲ್ ೨೦೦೩

ಪೆರಿನಾ,

ನಾನು ಬರೆಯುವುದಿಲ್ಲ.

ಏಳು ವಾರ ಆ ಕಲ್ಲಿನ ಮೇಲೆ ಬಗ್ಗಿದ್ದೆ. ಎಪ್ಪತ್ತು ವರ್ಷದವನು, ಇದೇ ನನ್ನ ಕೊನೆಯ ದೊಡ್ಡ ಕಲ್ಲು ಅಂತ ಗೊತ್ತಿದ್ದೇ ಕೆತ್ತಿದೆ. ನಿನ್ನ ಗಂಡ ಬಂದ, ಅಂಚಿಗೆ ಕೆನ್ನೆ ಇಟ್ಟ, ಒಂದು ಕಣ್ಣು ಮುಚ್ಚಿದ, "ಹಾವು" ಅಂದ. ಪಾದ್ರಿ ಇದ್ದರು, ಬ್ಯಾಂಡಿನವರಿದ್ದರು. ನಲವತ್ತು ವರ್ಷ ಪಕ್ಕದಲ್ಲಿ ಕೂತು ಕಲ್ಲು ಕುಟ್ಟಿದವನು ಹಾಗೆ ಅಂದ.

ಪಟ್ಟಿ ಇಟ್ಟು ನೋಡೋಣ ಅಂತ ಒಬ್ಬನಾದರೂ ಹೇಳಿದನೇ? ನಾನೂ ಹೇಳಲಿಲ್ಲ. ಒಂದು ಮೀಟರಿನ ಉಕ್ಕಿನ ಪಟ್ಟಿ ನನ್ನ ಚೀಲದಲ್ಲೇ ಇತ್ತು. ನನ್ನ ಕೈಗೆ ಕಬ್ಬಿಣದ ಸಾಕ್ಷಿ ಬೇಕೇ ಎಂದುಕೊಂಡೆ, ಚೀಲ ಹೆಗಲಿಗೇರಿಸಿ ಹಡಗು ಹತ್ತಿದೆ. ಆಮೇಲೆ ಅವನೇ ಬೇರೆ ಕಲ್ಲು ಕೆತ್ತಿ ಏರಿಸಿದನಂತಲ್ಲ. ಊರಿಂದ ಬಂದವರು ಆ ಕಲ್ಲನ್ನು ನೆನೆದು ನನ್ನೆದುರು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾರೆ. ಅವನೆದುರು ನಗುವ ಧೈರ್ಯ ಯಾರಿಗೂ ಇಲ್ಲ.

ಅವನೇ ಬಂದು ಕೇಳಲಿ. ಟೋಪಿ ಕೈಯಲ್ಲಿ ಹಿಡಿದು ಬಂದು ಕೇಳಲಿ.

ಮೀನು ಚೆನ್ನಾಗಿತ್ತು. ಕೆಟ್ಟಿರುವುದು ಯಾವ ಕಣ್ಣು, ಇನ್ನೊಂದು ಸಲ ಸರಿಯಾಗಿ ಹೇಳು.

ಲೋವ್ರೆ


ಬ್ರಾಚ್, ೨೦ ಏಪ್ರಿಲ್, ಈಸ್ಟರ್ ಹಬ್ಬ

ಅಣ್ಣ,

ಬಲಗಣ್ಣು. ಕಲ್ಲು ನೋಡುವಾಗ ನೀವಿಬ್ಬರೂ ಮುಚ್ಚುವುದು ಎಡಗಣ್ಣು, ನೋಡುವುದು ಬಲಗಣ್ಣಲ್ಲಿ. ಅದನ್ನು ನಾನು ಹೇಳಿಕೊಡಬೇಕೇ?

ಹಬ್ಬಕ್ಕೆ ಕುರಿ ಮಾಡಿದ್ದೆ. ನಿನ್ನ ತಟ್ಟೆ ಹಾಕಿದ್ದೆ. ಇವರು ನೋಡಿದರು, ತೆಗೆ ಅನ್ನಲಿಲ್ಲ.

ಪೆರಿನಾ


ತ್ರೊಗಿರ್, ೨೬ ಏಪ್ರಿಲ್ ೨೦೦೩

ದಿಂಕೋ,

ಇದನ್ನು ಒಂದೇ ಸಲ ಬರೆಯುತ್ತೇನೆ, ಮತ್ತೆ ಕೇಳಬೇಡ.

ಆ ಕಲ್ಲಿನ ವಿಷಯದಲ್ಲಿ ನೀನು ಹೇಳಿದ್ದೇ ಸರಿ. ಎರಡು ಕೂದಲೆಳೆಯಷ್ಟು ಉಬ್ಬಿತ್ತು. ನನಗೆ ಗೊತ್ತಿತ್ತು. ಹಬ್ಬ ಹತ್ತಿರ ಬಂದಿತ್ತು, ಯಾರ ಕಣ್ಣಿಗೂ ಬೀಳುವುದಿಲ್ಲ ಎಂದುಕೊಂಡೆ. ನಿನ್ನ ಕಣ್ಣಿಗೆ ಬಿತ್ತು. ಸಿಟ್ಟು ಬಂದಿದ್ದು ಅದಕ್ಕೇ.

ಹಾಗಾಗಿ ಕಲ್ಲಿನ ಲೆಕ್ಕ ಬೇರೆ, ನಿನ್ನ ಕಣ್ಣಿನ ಲೆಕ್ಕ ಬೇರೆ. ಕಣ್ಣು ಕೆಟ್ಟಿದ್ದರೆ ಅದು ಈ ಚಳಿಗಾಲದಲ್ಲಿ ಕೆಟ್ಟಿದ್ದು, ನನಗೂ ಅದಕ್ಕೂ ಸಂಬಂಧವಿಲ್ಲ. ಮೇ ಹದಿನಾಲ್ಕಕ್ಕೆ ಹೋಗಿ ಆ ಬೆಳಕು ಹಾಕಿಸಿಕೊ. ನನ್ನ ತಂಗಿಗೆ ಕುರುಡನ ಕೈ ಹಿಡಿದು ಓಡಾಡುವ ಕೆಲಸ ಹಚ್ಚಬೇಡ.

ಲೋವ್ರೆ


ಬ್ರಾಚ್, ೪ ಮೇ ೨೦೦೩

ಪ್ರಿಯ ಭಾವ ಲೋವ್ರೆ,

ಅಂತೂ ನಿನ್ನ ಬಾಯಿಂದ ಬಂತು! ಕಾಗದವನ್ನು ಮೂರು ಸಲ ಓದಿದೆ, ಪೆರಿನಾಳಿಂದ ಗಟ್ಟಿಯಾಗಿ ಒಂದು ಸಲ ಓದಿಸಿದೆ. ಓದಿ ಮುಗಿಸಿದವಳು ಯಾಕೋ ಕಾಗದವನ್ನು ಮಡಚಿ ತನ್ನ ಜೇಬಿಗೇ ಹಾಕಿಕೊಂಡಳು.

ನನಗೆ ಗೊತ್ತಿತ್ತು ಕಣೋ. ಪಟ್ಟಿ, ದಾರ, ರಸಮಟ್ಟ ಎಲ್ಲ ಕಲಿಯುವವರಿಗೆ. ದಿಂಕೋನ ಕಣ್ಣೇ ಪಟ್ಟಿ ಎಂದು ಈ ದ್ವೀಪದಲ್ಲಿ ಸುಮ್ಮನೆ ಹೇಳುತ್ತಾರೆಯೇ? ಪರವಾಗಿಲ್ಲ, ಎರಡು ಕೂದಲೆಳೆ ಯಾರಿಗಾದರೂ ತಪ್ಪುತ್ತದೆ. ನಿನ್ನನ್ನು ಕ್ಷಮಿಸಿದ್ದೇನೆ. ಇಷ್ಟು ಬರೆಯಲು ನಿನಗೆಷ್ಟು ಕಷ್ಟವಾಗಿರಬೇಕು ಎಂದು ನೆನೆದು ಒಂದು ಲೋಟ ವೈನ್ ಹೆಚ್ಚಿಗೆ ಕುಡಿದೆ.

ಆಸ್ಪತ್ರೆಗೆ ಹೋಗುತ್ತೇನೆ. ಇಷ್ಟು ಒಳ್ಳೆಯ ಕಣ್ಣನ್ನು ಹಾಳಾಗಲು ಬಿಡುವುದು ಊರಿಗೇ ನಷ್ಟ.

ಇಂತಿ ನಿನ್ನ ಭಾವ,
ದಿಂಕೋ


ಬ್ರಾಚ್, ೨೧ ಮೇ ೨೦೦೩

ಲೋವ್ರೆ,

ಆಯಿತು. ಅಲ್ಲಿ ನಡೆದದ್ದನ್ನು ನಿನಗೆ ಹೇಳಲೇಬೇಕು, ಉಳಿದವರಿಗೆ ಅದರ ಬೆಲೆ ತಿಳಿಯುವುದಿಲ್ಲ.

ಕಡುಹಸಿರು ಬಣ್ಣದ ಔಷಧಿ. ಹತ್ತು ನಿಮಿಷ ತೋಳಿನೊಳಗೆ ಹರಿಯಿತು. ಗೋಡೆಯ ಗಡಿಯಾರದ ಕೆಳಗೆ ಒಬ್ಬ ನರ್ಸು ನಿಂತು ನಿಮಿಷ ಕೂಗುತ್ತಿದ್ದಳು. ಹರಿಯಲು ಶುರುವಾದ ಹದಿನೈದನೇ ನಿಮಿಷಕ್ಕೆ ಸರಿಯಾಗಿ ಬೆಳಕು. ಆ ಹೊತ್ತಿಗೆ ಔಷಧಿ ಸೋರುವ ನಾಳಗಳಲ್ಲಿ ತುಂಬಿಕೊಂಡಿರುತ್ತದಂತೆ; ಬೇಗ ಹಾಕಿದರೂ ತಡವಾಗಿ ಹಾಕಿದರೂ ಕೆಲಸ ಕೆಟ್ಟಿತು. ಕೆಂಪು ಬೆಳಕು, ಬಿಸಿಯೇನೂ ಇಲ್ಲ, ಎಂಬತ್ತಮೂರು ಸೆಕೆಂಡು. ಎಂಬತ್ತಲ್ಲ, ಎಂಬತ್ತೈದಲ್ಲ. ಕಲ್ಲಿನ ಕೊಂಡಿಗೆ ಸೀಸ ಹೊಯ್ಯುವಾಗ ನಾವು ಉಸಿರು ಹಿಡಿದು ಕಾಯುತ್ತೇವಲ್ಲ, ಹಾಗೆ ಕಾದರು. ಡಾಕ್ಟರಮ್ಮನಿಗೆ ಮೂವತ್ತೈದೂ ಇರಲಾರದು, ಕೈ ಅಲ್ಲಾಡಲಿಲ್ಲ. "ನಮ್ಮ ಕಸುಬಿಗೆ ಬಂದಿದ್ರೆ ಚೆನ್ನಾಗಿತ್ತು ನೀವು" ಎಂದೆ. "ಮಾತಾಡ್ಬೇಡಿ, ಕಣ್ಣು ಅಲ್ಲಾಡುತ್ತೆ" ಎಂದಳು. ಅವಳನ್ನು ಮೆಚ್ಚಿದೆ.

ಆಮೇಲೆ ಐದು ದಿನ ಬಿಸಿಲಿಗೆ ಬರಬಾರದು. ಔಷಧಿ ಮೈಯಲ್ಲಿರುವಾಗ ಬಿಸಿಲು ಬಿದ್ದರೆ ಚರ್ಮ ಸುಟ್ಟುಹೋಗುತ್ತದೆ. ಬಿಳಿ ಕಲ್ಲಿನ ದ್ವೀಪದಲ್ಲಿ ಮೇ ತಿಂಗಳಲ್ಲಿ ಬಿಸಿಲಿಗೆ ಬರಬಾರದು! ನಾನು ನೆಲಮಾಳಿಗೆಯಲ್ಲಿ, ವೈನ್ ಪೀಪಾಯಿಗಳ ನಡುವೆ, ದೀಪವನ್ನೂ ಹಚ್ಚದೆ ಎರಡು ದಿನ ಕೂತೆ. ಮೂರನೆಯ ದಿನ ಡಾಕ್ಟರಮ್ಮ ಫೋನ್ ಮಾಡಿದಾಗ ಪೆರಿನಾ ಹೆಮ್ಮೆಯಿಂದ ಹೇಳಿದಳು. ಆ ಕಡೆಯಿಂದ ಬೈಗುಳ! ಕತ್ತಲಲ್ಲಿ ಕೂತರೆ ಔಷಧಿ ಮೈಯಿಂದ ಹೋಗುವುದೇ ಇಲ್ಲವಂತೆ, ಮನೆಯೊಳಗಿನ ಸಾದಾ ಬೆಳಕು ಬೇಕಂತೆ. ಎರಡು ದಿನ ಉಬ್ಬಸ ಬರುವಷ್ಟು ಬೂಷ್ಟಿನ ವಾಸನೆ ಕುಡಿದದ್ದು ದಂಡ.

ಒಂದು ಕಾಗದ ಕೊಟ್ಟಿದ್ದಾಳೆ, ತುಂಬ ಚೌಕಗಳ ಗೆರೆ. ದಿನಾ ಬೆಳಿಗ್ಗೆ ಒಂದೊಂದೇ ಕಣ್ಣಲ್ಲಿ ನೋಡಬೇಕು. ಬಲಗಣ್ಣಿಗೆ ನಡುವಿನ ಗೆರೆಗಳು ಬಾಗುತ್ತವೆ. ಎಡಗಣ್ಣಿಗೆ ಎಲ್ಲ ನೆಟ್ಟಗೆ. "ಈ ಕಾಯಿಲೆ ತಿಂಗಳುಗಟ್ಟಲೆ ಹಳೇದು. ಮೊದಲೇ ಯಾಕೆ ಬರ್ಲಿಲ್ಲ?" ಎಂದು ಕೇಳಿದಳು. ಕೆಲಸವಿತ್ತು ಎಂದೆ.

ಅಂದ ಹಾಗೆ, ಎರಡು ಕೂದಲೆಳೆ ಎಂದು ಬರೆದಿದ್ದೆಯಲ್ಲ. ಯಾವ ತುದಿಯಲ್ಲಿ?

ದಿಂಕೋ


ತ್ರೊಗಿರ್, ೨೯ ಮೇ

ಎಡ ತುದಿಯಲ್ಲಿ, ಒಂದು ಮೊಳ ಒಳಗೆ. ಮುಗಿದ ಮಾತು. ಕಣ್ಣು ನೋಡಿಕೊ.

ಲೋ.


ಬ್ರಾಚ್, ೧೫ ಜೂನ್ ೨೦೦೩

ಸುಳ್ಳ,

ನಿನ್ನ ಕಲ್ಲು ಚರ್ಚಿನ ಹಿಂದೆ ಅಂಜೂರದ ಮರದ ಕೆಳಗೆ ಬಿದ್ದಿದೆ. ಮೊನ್ನೆ ಬೆಳಿಗ್ಗೆ ಎಲೆ ಗುಡಿಸಿ, ಓತಿಕ್ಯಾತ ಓಡಿಸಿ, ಅದರ ಮೇಲೆ ಉಕ್ಕಿನ ಪಟ್ಟಿ ಇಟ್ಟೆ. ಪಟ್ಟಿಯನ್ನು ಕಲ್ಲುಕೆಲಸ ಕಲಿಸುವ ಶಾಲೆಯಿಂದ ಕೇಳಿ ತಂದೆ. ನನ್ನ ಬಳಿ ಇಲ್ಲ ಎಂದು ಕೊಚ್ಚಿಕೊಂಡವನಿಗೆ ಅದೂ ಒಂದು ಶಾಸ್ತಿ. ಸಿಗರೇಟು ಸುತ್ತುವ ತೆಳು ಕಾಗದವನ್ನು ಪಟ್ಟಿಯ ಕೆಳಗೆ ತೂರಿಸಲು ನೋಡಿದೆ. ಎಡ ತುದಿಯಲ್ಲಿ ಒಂದು ಮೊಳ ಒಳಗೆ ನೋಡಿದೆ, ಎರಡು ಮೊಳ ಒಳಗೆ ನೋಡಿದೆ, ನಡುವೆ, ಬಲಕ್ಕೆ. ಎಲ್ಲೂ ತೂರಲಿಲ್ಲ. ಕಣ್ಣು ಮುಚ್ಚಿ ಅಂಗೈ ಸವರಿದೆ. ಲೋವ್ರೆ, ಅಂಥ ಅಂಚು ನನ್ನ ಜನ್ಮದಲ್ಲಿ ನಾನು ಕೆತ್ತಿಲ್ಲ.

ಆಮೇಲೆ ಏಣಿ ಹಾಕಿ ನನ್ನ ಕಲ್ಲಿಗೆ ಪಟ್ಟಿ ಒತ್ತಿದೆ. ಎರಡು ಕಡೆ ಕಿರುಬೆರಳು ತೂರಿತು. ನೋಡಿದಲ್ಲೆಲ್ಲ ಉಬ್ಬು ಕಂಡಿತ್ತು, ಕಂಡಲ್ಲೆಲ್ಲ ಕೆತ್ತುತ್ತಾ ಹೋಗಿದ್ದೆ. ಬೆರಳು ಆಗಲೇ ಬೇರೆ ಹೇಳಿತ್ತು, ನಾನು ಕಿವಿಗೊಡಲಿಲ್ಲ. ಎಂಟು ತಿಂಗಳಿಂದ ಊರಿನವರೆಲ್ಲ ಅದರ ಕೆಳಗೆ ತಲೆ ತಗ್ಗಿಸಿ ಹೋಗುತ್ತಿದ್ದರು. ಭಕ್ತಿ ಎಂದುಕೊಂಡಿದ್ದೆ.

ಪಾದ್ರಿ ಡೊನ್ ಮರಿನ್ ಕೆಳಗೆ ಬಂದು ನಿಂತರು. "ನಿಮಗೆ ಗೊತ್ತಿತ್ತಾ?" ಎಂದೆ.

"ಗೊತ್ತಿತ್ತು."

"ಮತ್ತೆ ಹೇಳೋದಲ್ವಾ?"

"ದೇವರಿಗೆ ಹೇಳಿದ್ದೆ. ನಿಮಗೆ ಹೇಳೋದಕ್ಕಿಂತ ಅದೇ ಸುಲಭ ಅನ್ನಿಸ್ತು."

ನಾಚಿಕೆಯಿಂದ ಏಣಿಯ ಮೇಲೇ ನಿಂತುಬಿಟ್ಟೆ. ಆದರೆ ನಾಚಿಕೆಗಿಂತ ನಿನ್ನ ಮೇಲೆ ಸಿಟ್ಟು ಹೆಚ್ಚು. ನಿನ್ನ ಜೀವಮಾನದ ಕಲ್ಲನ್ನು ನೀನೇ ಕೆಟ್ಟದ್ದು ಎಂದು ಬರೆದುಕೊಟ್ಟೆಯಲ್ಲ! ನಿಮ್ಮ ಅಮ್ಮನಿಗೂ ತಪ್ಪಾಯಿತು ಎಂದವನಲ್ಲ ನೀನು. ನನ್ನ ಕಣ್ಣಿಗೋಸ್ಕರ ನನಗಿಂತ ದೊಡ್ಡ ಮನುಷ್ಯನಾಗಿಬಿಟ್ಟೆ. ಅದನ್ನು ಮಾತ್ರ ನಾನು ಸಹಿಸುವುದಿಲ್ಲ.

ಈ ಸಲ ಆಗಸ್ಟ್ ಹದಿನಾರಕ್ಕೆ, ರೋಕ್‌ನ ಹಬ್ಬದ ದಿನ, ನನ್ನ ಕಲ್ಲು ಇಳಿಸಿ ನಿನ್ನದನ್ನು ಏರಿಸುತ್ತೇನೆ. ಇಡೀ ಊರಿನೆದುರು ನಾನೇ ಪಟ್ಟಿ ಇಟ್ಟು ತೋರಿಸಿ, ನನ್ನ ಬಾಯಿಂದಲೇ ಹೇಳುತ್ತೇನೆ. ಡಾಕ್ಟರಮ್ಮ ಎರಡನೆಯ ಬೆಳಕಿಗೆ ಆಗಸ್ಟ್ ಹದಿಮೂರು ಕೊಟ್ಟಿದ್ದಾಳೆ. ಅಂದು ಹೋದರೆ ಹದಿನೆಂಟರವರೆಗೆ ನೆರಳು. ಅದಕ್ಕೇ ಎರಡು ವಾರ ಮುಂದೆ ಹಾಕಿಸಿಕೊಳ್ಳುತ್ತೇನೆ. ಎರಡು ವಾರದಲ್ಲಿ ಏನು ಮುಳುಗಿಹೋಗುತ್ತದೆ?

ದಿಂಕೋ


ತ್ರೊಗಿರ್, ೨೮ ಜೂನ್ ೨೦೦೩

ದಿಂಕೋ,

ಏನು ಮುಳುಗಿಹೋಗುತ್ತದೆ ಎಂದು ಕೇಳಿದ್ದೀಯ. ನಾನು ಆ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಮೊದಲು, "ನೀವು ಅವರಿಗೆ ಏನಾಗ್ಬೇಕು?" ಎಂದಳು. ಭಾವ ಎಂದೆ, ಸ್ನೇಹಿತ ಎಂದೆ, ನಲವತ್ತು ವರ್ಷ ಜೊತೆಗೆ ಕಲ್ಲು ಕುಟ್ಟಿದವನು ಎಂದೆ. ನಿನ್ನ ಕಾಯಿಲೆಯ ವಿವರ ಬೇರೆಯವರಿಗೆ ಹೇಳಲಾರೆ, ಇಷ್ಟು ಹೇಳಬಹುದು ಎಂದಳು: "ಮುಚ್ಚಿದ ನಾಳ ಮೂರು ತಿಂಗಳಿಗೆ ಮತ್ತೆ ಬಾಯಿ ಬಿಡುತ್ತೆ. ಅಷ್ಟರಲ್ಲಿ ಹಿಡೀಬೇಕು. ಒಮ್ಮೆ ಹೋದ ದೃಷ್ಟಿ ನಾನು ತಂದ್ಕೊಡಲ್ಲ, ಇರೋದನ್ನ ಕಾಯ್ತೀನಿ ಅಷ್ಟೇ."

ಈಗ ನನ್ನ ಮಾತು ಕೇಳು. ಆವತ್ತು ಪಟ್ಟಿ ನನ್ನ ಚೀಲದಲ್ಲಿತ್ತು. ತೆಗೆದು ಕಲ್ಲಿನ ಮೇಲೆ ಇಡಲು ಅರ್ಧ ನಿಮಿಷ ಸಾಕಿತ್ತು. ಇಟ್ಟಿದ್ದರೆ ಆಗಲೇ ನಿನಗೆ ಕಣ್ಣಿನದು ತಿಳಿಯುತ್ತಿತ್ತು, ಆ ಬೆಳಕು ಒಂಬತ್ತು ತಿಂಗಳು ಮೊದಲು ಬೀಳುತ್ತಿತ್ತು. ನಾನು ಇಡಲಿಲ್ಲ. ನನಗೆ ನನ್ನ ಹೆಮ್ಮೆ ದೊಡ್ಡದಾಯಿತು. ತಂಗಿಯ ಕಾಗದದಲ್ಲಿ "ಬಲಗಣ್ಣು" ಎಂದು ಓದಿದ ದಿನ ನಾನು ಅತ್ತೆ, ದಿಂಕೋ. ನೀನು ಹೇಳಿದ ಹಾಗೆ ನಾನೇನೂ ದೊಡ್ಡ ಮನುಷ್ಯನಾಗಲಿಲ್ಲ. ಆ ಸುಳ್ಳು ಬರೆದು ನನ್ನ ತಪ್ಪಿನ ಒಂದು ಪಾಲು ತೀರಿಸಿದೆ.

ಒಂದು ಸಲ ನಮ್ಮ ಜಂಭಕ್ಕೆ ಹೊತ್ತು ಮೀರಿತು. ಎರಡನೆಯ ಸಲ ನಾನು ಬಿಡುವುದಿಲ್ಲ. ನೀನು ಹದಿಮೂರಕ್ಕೆ ಹೋಗಬೇಕು, ಹದಿನಾರಕ್ಕೆ ಕಿಟಕಿ ಹಾಕಿಕೊಂಡು ಮನೆಯೊಳಗೆ ಕೂರಬೇಕು. ಕಲ್ಲು ನಾನು ಬಂದು ಏರಿಸುತ್ತೇನೆ. ನೀನು ಅಂಗಳದಲ್ಲಿ ಕಂಡೆಯೋ, ಅದೇ ಹಡಗಿನಲ್ಲಿ ವಾಪಸ್ ಬರುತ್ತೇನೆ, ಕಲ್ಲು ಅಂಜೂರದ ಕೆಳಗೇ ಇರಲಿ. ಹೇಳಬೇಕಾದ್ದನ್ನು ಬರೆದುಕೊಡು, ಪೆರಿನಾ ಓದಲಿ.

ಲೋವ್ರೆ


ಬ್ರಾಚ್, ೧೯ ಆಗಸ್ಟ್ ೨೦೦೩

ಭಾವ,

ನಿನ್ನ ಹಟವೇ ಗೆದ್ದಿತು. ಹದಿಮೂರಕ್ಕೆ ಹೋದೆ, ಹದಿನೈದನೇ ನಿಮಿಷ, ಎಂಬತ್ತಮೂರು ಸೆಕೆಂಡು. ಬಲಗಣ್ಣು ಮೇ ತಿಂಗಳಲ್ಲಿ ಎಲ್ಲಿತ್ತೋ ಅಲ್ಲೇ ನಿಂತಿದೆಯಂತೆ. ಹೋದದ್ದು ಹೋಯಿತು, ನಡುವಿನ ಗೆರೆಗಳು ಬಾಗಿಯೇ ಇರುತ್ತವೆ. ಆದರೆ ಮುಂದಕ್ಕೆ ಹಬ್ಬಿಲ್ಲ. "ಎರಡು ವಾರ ಬಿಟ್ಟು ಬಂದಿದ್ರೆ ಈ ಮಾತು ಹೇಳ್ತಿರ್ಲಿಲ್ಲ" ಎಂದಳು. ಎಡಗಣ್ಣಿಗೆ ಬಂದರೂ ಬರಬಹುದು, ಅದಕ್ಕೇ ಆ ಚೌಕದ ಕಾಗದವನ್ನು ಕಾಫಿ ಡಬ್ಬಿಯ ಮೇಲೇ ಅಂಟಿಸಿದ್ದೇನೆ. ಒಂದು ಗೆರೆ ಬಾಗಿತೋ, ಅವತ್ತೇ ಹಡಗು ಹತ್ತುತ್ತೇನೆ.

ಹಬ್ಬದ ದಿನ ಕಿಟಕಿಯ ಮರದ ಪಟ್ಟಿಗಳನ್ನೆಲ್ಲ ಮುಚ್ಚಿ, ಮೇಜಿನ ದೀಪ ಹಚ್ಚಿ ಕೂತಿದ್ದೆ. ಬ್ಯಾಂಡು ನಿಂತಿತು. ಪೆರಿನಾ ನನ್ನ ಕಾಗದ ಓದುತ್ತಿದ್ದಾಳೆ ಎಂದು ತಿಳಿಯಿತು. "ಕಲ್ಲು ನೆಟ್ಟಗಿತ್ತು, ನನ್ನ ಕಣ್ಣು ಬಾಗಿತ್ತು, ಅದನ್ನು ಒಪ್ಪಿಕೊಳ್ಳಲು ಒಂದು ವರ್ಷ ಹಿಡಿಯಿತು" ಎಂದು ಬರೆದಿದ್ದೆ. ಕೊನೆಗೆ ಮುದುಕಿ ಮಾಂಡೆ, "ಅಬ್ಬಾ, ಇನ್ಮೇಲೆ ತಲೆ ಎತ್ಕೊಂಡು ಒಳಗೆ ಹೋಗ್ಬಹುದು" ಎಂದಳಂತೆ. ಆ ನಗು ಇಲ್ಲಿಗೂ ಕೇಳಿಸಿತು. ಆಮೇಲೆ ನಿನ್ನ ಸುತ್ತಿಗೆ. ಎರಡು ಹಗುರ, ಒಂದು ಭಾರ. ನೂರು ಜನರ ನಡುವೆಯೂ ಆ ಪೆಟ್ಟು ನನಗೆ ಗೊತ್ತಾಗುತ್ತದೆ.

ಆಮೇಲೆ ನೀನು ಬಂದು ಕಿಟಕಿ ತಟ್ಟಿದೆ.

"ಇದ್ದೀಯೇನೋ?"

"ಎಲ್ಲಿಗೆ ಹೋಗ್ಲಿ? ಬಾಗಿಲು ತೆಗೀತೀನಿ ಇರು."

"ತೆಗೀಬೇಡ, ಬಿಸಿಲು ಬರುತ್ತೆ. ಕಲ್ಲು ಕೂತ್ಕೊಳ್ತು."

"ಕೇಳಿಸ್ತು. ಕೊನೇ ಪೆಟ್ಟು ಸ್ವಲ್ಪ ಜೋರಾಯ್ತು."

"ನಿನ್ನ ಕಿವಿಗೂ ಬೆಳಕು ಹಾಕಿಸ್ಬೇಕು ಕಣೋ."

ಅಷ್ಟು ಹೇಳಿ ಹಡಗಿಗೆ ಹೊರಟುಹೋದೆ. ಮರದ ಪಟ್ಟಿಗಳ ಸಂದಿಯಲ್ಲಿ ನಿನ್ನ ಅಂಗಿಯ ಒಂದು ಗುಂಡಿ ಮಾತ್ರ ಕಂಡಿತು.

ಇವತ್ತು ಹೊರಗೆ ಬಂದೆ. ಎಲ್ಲಕ್ಕಿಂತ ಮೊದಲು ಅಲ್ಲಿಗೇ ಹೋದೆ. ಏಣಿ ಹತ್ತಿ, ಅಂಚಿಗೆ ಕೆನ್ನೆ ಇಟ್ಟು, ಐವತ್ತು ವರ್ಷದಲ್ಲಿ ಮೊದಲ ಸಲ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದೆ. ಕತ್ತು ಉಳುಕಿತು. ಆದರೆ ಆ ಅಂಚು, ಲೋವ್ರೆ! ಈ ತುದಿಯಿಂದ ಆ ತುದಿಗೆ ಒಂದೇ ಗೆರೆ. ಕೆತ್ತಿದವನು ನೀನು, ಎದೆಯುಬ್ಬಿದ್ದು ನನಗೆ. ಹಡಗಿನಿಂದ ಇಳಿದ ಯಾರೋ ಅಪರಿಚಿತರು ಕೆಳಗೆ ನಿಂತು ನೋಡುತ್ತಿದ್ದರು. "ನಮ್ಮ ಭಾವ ಕೆತ್ತಿದ್ದು" ಎಂದೆ, ಅವರು ಕೇಳದಿದ್ದರೂ.

ನನ್ನ ಕಲ್ಲನ್ನು ಒಡೆದು ಜಲ್ಲಿ ಮಾಡೋಣ ಎಂದು ಡೊನ್ ಮರಿನ್ ಹೇಳಿದರು. ಬೇಡ ಎಂದೆ. ನಾಲ್ಕು ಜನ ಹಿಡಿದು ನಮ್ಮ ಮನೆಯೆದುರು, ಹಿಪ್ಪುನೇರಳೆಯ ನೆರಳಲ್ಲಿ, ಆ ಅಂಚು ಮೇಲೆ ಬರುವ ಹಾಗೆ ಮಲಗಿಸಿದ್ದಾರೆ. ಕೂರಲು ಕಟ್ಟೆಯಾಯಿತು. ಎರಡು ತಗ್ಗಿವೆಯಲ್ಲ, ಕೂತರೆ ಹಿತವಾಗಿದೆ. ಒಂದರಲ್ಲಿ ನಾನು ಕೂತು ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಸ್ವಲ್ಪ ಅಗಲ. ಪೆರಿನಾ ಕೂತು ನೋಡಿ, ಇದು ನನ್ನ ಅಳತೆಯದಲ್ಲ ಎಂದು ಎದ್ದುಹೋದಳು.

ಶನಿವಾರದ ಹಡಗಿಗೆ ಬಾ. ಪೆರಿನಾಗೆ ನೀನು ಬರೆದಿದ್ದ ಹಾಗೆ, ಟೋಪಿ ಕೈಯಲ್ಲೇ ಹಿಡಿದು ಕಾಯುತ್ತಿರುತ್ತೇನೆ.

ನಿನ್ನ
ದಿಂಕೋ